ಕ್ಯಾರೇಜ್ ನಿಂತರೆ ಹುಡುಗನ ಸಂಬಳ ಯಾಕ್ರೀ ಹಿಡೀತೀರಿ?

ಫ್ಲೆಕ್ಸ್ ಅಂಗಡಿ, ಸ್ಟಿಕ್ಕರ್ ಅಂಗಡಿ, ಡಿಜಿಟಲ್ ಪ್ರಿಂಟಿಂಗ್ ಅಂತ ಬೋರ್ಡು ಹಾಕಿಕೊಂಡಿರುವ ನಮ್ಮಂಥವರ ನಡುವೆ ಒಂದು ಕೆಟ್ಟ ಚಾಳಿ ಬೆಳೆದಿದೆ. ರಾತ್ರಿ ಹತ್ತು ಗಂಟೆಗೆ ಮೆಷಿನ್ ಗಕ್ಕನೆ ನಿಂತು, ಅದರ ಪುಟ್ಟ ಪರದೆ ಮೇಲೆ ‘ಮೋಟರ್ ಎರರ್’ ಅಂತಲೋ ‘ಕ್ಯಾರೇಜ್ ಎರರ್’ ಅಂತಲೋ ಬಂದರೆ ಮೊದಲು ಬೈಸಿಕೊಳ್ಳುವವನು ಅದನ್ನು ಓಡಿಸುತ್ತಿದ್ದ ಹುಡುಗ. ಆಮೇಲೆ ಸರ್ವಿಸ್‌ನವರಿಗೆ ಫೋನು. ತಿಂಗಳ ಕೊನೆಗೆ ಹುಡುಗನ ಸಂಬಳಕ್ಕೆ ಕತ್ತರಿ. ಇಷ್ಟೆಲ್ಲದರ ನಡುವೆ ಮೆಷಿನ್ನಿನ ಮುಚ್ಚಳ ಎತ್ತಿ, ಒಳಗೆ ಏನಾಗಿದೆ ಅಂತ ಬಗ್ಗಿ ನೋಡಿದವರು ಒಬ್ಬರೂ ಇರುವುದಿಲ್ಲ!

ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಇಂಜಿನಿಯರ್ ಅಲ್ಲ, ಯಾವ ಕಂಪನಿಯ ಏಜೆಂಟೂ ಅಲ್ಲ. ಟ್ರೆಡಲ್ ಮೆಷಿನ್ನಿನ ಕೊನೆಗಾಲ ಕಂಡಿದ್ದೇನೆ, ಆಫ್‌ಸೆಟ್ ಓಡಿಸಿದ್ದೇನೆ. ಈಗ ಅಗಲದ ಇಂಕ್‌ಜೆಟ್ ಪ್ರಿಂಟರು, ಅದರೊಳಗೇ ಕೂಡಿಕೊಂಡಿರುವ ಕಟರು ನನಗೆ ಅನ್ನ ಹಾಕುತ್ತಿವೆ. ಟ್ರೆಡಲ್ ಕಾಲದಲ್ಲಿ ಮೆಷಿನ್‌ಮನ್ ಎಂಬ ಮನುಷ್ಯನಿಗೆ ಒಂದು ಮರ್ಯಾದೆ ಇತ್ತು. ಸದ್ದು ಸ್ವಲ್ಪ ಬದಲಾದರೆ ಸಾಕು, ಯಾವ ಬೋಲ್ಟು ಸಡಿಲವಾಗಿದೆ ಅಂತ ಆ ಮೂಲೆಯಿಂದಲೇ ಹೇಳುತ್ತಿದ್ದ. ಅವನ ಸಂಬಳಕ್ಕೆ ಕೈ ಹಾಕುವ ಧೈರ್ಯ ಮಾಲೀಕನಿಗೆ ಇರಲಿಲ್ಲ. ಇವತ್ತು ಅದೇ ಜಾಗದಲ್ಲಿ ನಿಂತಿರುವ ಹುಡುಗನನ್ನು ‘ಆಪರೇಟರ್’ ಅಂತ ಕರೆದು, ಬರೀ ಮೌಸ್ ಒತ್ತುವವನು ಅಂತ ಲೆಕ್ಕ ಹಾಕಿ, ಮುಚ್ಚಳ ಮುಟ್ಟಬೇಡ ಅಂತ ಹೆದರಿಸಿ ಇಟ್ಟಿದ್ದೇವೆ. ಕೆಟ್ಟಾಗ ಮಾತ್ರ ಅವನೇ ಹೊಣೆ. ಇದ್ಯಾವ ಸೀಮೆ ನ್ಯಾಯ ಸ್ವಾಮಿ?

ಈ ಪತ್ರಿಕೆ ಓದುವ ಹುಡುಗರಲ್ಲಿ ಇಂಥ ಅಂಗಡಿಗಳಲ್ಲೇ ದುಡಿಯುವವರು ಇದ್ದೀರಿ. ಸುಲ್ತಾನ್‌ಪೇಟೆ, ಕಾಟನ್‌ಪೇಟೆಯ ಗಲ್ಲಿಗಳಲ್ಲಿ, ಹುಬ್ಬಳ್ಳಿ, ದಾವಣಗೆರೆ, ಮೈಸೂರುಗಳಲ್ಲಿ ಬೆಳಗಾಗುವವರೆಗೆ ಮೆಷಿನ್ ಮುಂದೆ ನಿಲ್ಲುವವರು. ನಾನು ಬರೆಯುತ್ತಿರುವುದು ನಿಮಗೆ. ಮಾಲೀಕರು ಓದಿದರೂ ಬೇಸರವಿಲ್ಲ, ಓದಲಿ.

ಮೊದಲು ಈ ಕ್ಯಾರೇಜ್ ಅಂದರೆ ಏನು ಅಂತ ತಿಳಿದುಕೊಳ್ಳೋಣ. ಪ್ರಿಂಟ್ ಹೆಡ್ಡನ್ನು ಹೊತ್ತುಕೊಂಡು ಎಡಕ್ಕೂ ಬಲಕ್ಕೂ ಓಡಾಡುವ ಗಾಡಿ ಅದು. ಒಂದು ಹಳಿ, ಹಳಿಯ ಮೇಲೆ ಗಾಡಿ, ಗಾಡಿಗೆ ಕಟ್ಟಿದ ಹಲ್ಲಿನ ಬೆಲ್ಟು, ಬೆಲ್ಟನ್ನು ಎಳೆಯುವ ಮೋಟರು. ಇಷ್ಟೇ ಆಗಿದ್ದರೆ ಹೊಲಿಗೆ ಮೆಷಿನ್ ರಿಪೇರಿ ಮಾಡುವವನೂ ಸರಿಮಾಡಿಬಿಡುತ್ತಿದ್ದ. ಆದರೆ ಗಾಡಿಗೆ ತಾನು ಈಗ ಎಲ್ಲಿದ್ದೇನೆ ಅನ್ನುವುದು ಕೂದಲೆಳೆಯಷ್ಟು ಲೆಕ್ಕದಲ್ಲಿ ಗೊತ್ತಿರಬೇಕು. ಇಲ್ಲದಿದ್ದರೆ ನೀಲಿಯ ಮೇಲೆ ಹಳದಿ ಕೂರುವುದಿಲ್ಲ, ಚಿತ್ರ ಎರಡೆರಡಾಗಿ ಕಾಣುತ್ತದೆ.

ಅದಕ್ಕೇ ಹಳಿಯ ಉದ್ದಕ್ಕೂ ಒಂದು ತೆಳ್ಳನೆಯ ಪಾರದರ್ಶಕ ಪಟ್ಟಿ ಎಳೆದು ಕಟ್ಟಿರುತ್ತಾರೆ. ಎನ್‌ಕೋಡರ್ ಸ್ಟ್ರಿಪ್ ಅನ್ನುತ್ತಾರೆ. ಬರಿಗಣ್ಣಿಗೆ ಬೂದು ಬಣ್ಣದ ಪ್ಲಾಸ್ಟಿಕ್ ರಿಬ್ಬನ್ ಥರ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದರ ತುಂಬ ಸಾಲು ಸಾಲು ಗೆರೆಗಳು. ರೋಲ್ಯಾಂಡ್, ಮಿಮಾಕಿ ಥರದ ಮೆಷಿನ್‌ಗಳಿಗೆ ಸಾಮಾನ್ಯವಾಗಿ ಸಿಗುವ ಪಟ್ಟಿಯಲ್ಲಿ ಇಂಚಿಗೆ 180 ಗೆರೆ. ಅಂದರೆ ಗೆರೆಯಿಂದ ಗೆರೆಗೆ ಸುಮಾರು 0.14 ಮಿಲಿಮೀಟರ್. ಗಾಡಿಯ ಬೆನ್ನಿಗೆ ಒಂದು ಸೆನ್ಸರ್ ಇರುತ್ತದೆ. ಪಟ್ಟಿ ಅದರ ಸೀಳಿನ ಮಧ್ಯೆ ಹಾದುಹೋಗುತ್ತದೆ. ಒಂದು ಬದಿಯಿಂದ ಬೆಳಕು, ಇನ್ನೊಂದು ಬದಿಯಲ್ಲಿ ಕಣ್ಣು. ಗೆರೆ ಬಂದರೆ ಕತ್ತಲು, ಗೆರೆ ಹೋದರೆ ಬೆಳಕು. ಆ ಕಣ್ಣು ಒಂದಲ್ಲ, ಎರಡು. ಒಂದು ನೋಡಿದ್ದಕ್ಕೂ ಇನ್ನೊಂದು ನೋಡಿದ್ದಕ್ಕೂ ಕಾಲು ಗೆರೆಯಷ್ಟು ಅಂತರ. ಹಾಗಾಗಿ ಒಂದು ಗೆರೆ ದಾಟುವಷ್ಟರಲ್ಲಿ ನಾಲ್ಕು ಎಣಿಕೆ ಸಿಗುತ್ತದೆ. ಯಾವ ಕಣ್ಣು ಮೊದಲು ನೋಡಿತು ಅನ್ನುವುದರಿಂದ ಗಾಡಿ ಎಡಕ್ಕೆ ಹೊರಟಿದೆಯೋ ಬಲಕ್ಕೋ ಅನ್ನುವುದೂ ತಿಳಿಯುತ್ತದೆ. 180ನ್ನು ನಾಲ್ಕರಿಂದ ಗುಣಿಸಿ, 720 ಬಂತಲ್ಲ? ನೀವು ದಿನಾ ಆರಿಸುವ 360, 720, 1440 ಡಿಪಿಐ ಎಂಬ ಅಂಕಿಗಳು ಆಕಾಶದಿಂದ ಬಿದ್ದವಲ್ಲ ಕಣ್ರೋ, ಎಲ್ಲವೂ 180ರ ಮಡಿಗಳು!

ಈಗ ಎರರ್ ಹೇಗೆ ಬರುತ್ತದೆ ನೋಡಿ. ಮೆಷಿನ್ನಿನ ಬೋರ್ಡು ಗಾಡಿಗೆ ‘ಇಷ್ಟು ಹೊತ್ತಿಗೆ ನೀನು ಇಂಥ ಗೆರೆಯ ಹತ್ತಿರ ಇರಬೇಕು’ ಅಂತ ಆಜ್ಞೆ ಕೊಡುತ್ತದೆ. ಕಣ್ಣು ‘ಇಲ್ಲಿದ್ದೇನೆ’ ಅಂತ ಉತ್ತರ ಕೊಡುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಮಿತಿ ದಾಟಿದ ಕೂಡಲೇ ಬೋರ್ಡು ಮೋಟರಿಗೆ ಕರೆಂಟು ಕಡಿದು ನಿಲ್ಲಿಸಿಬಿಡುತ್ತದೆ. ನಿಲ್ಲಿಸದಿದ್ದರೆ ಗಾಡಿ ಗೋಡೆಗೆ ಗುದ್ದಿ ಹೆಡ್ಡು ಪುಡಿಯಾಗುತ್ತಿತ್ತು. ಎಚ್‌ಪಿ ಡಿಸೈನ್‌ಜೆಟ್ ಇದ್ದವರಿಗೆ 86:01 ಅನ್ನುವ ಅಂಕಿ ಕಂಡಿರುತ್ತದೆ, ರೋಲ್ಯಾಂಡ್ ಇದ್ದವರಿಗೆ ‘ಮೋಟರ್ ಎರರ್, ಟರ್ನ್ ಪವರ್ ಆಫ್’ ಅನ್ನುವ ಸಾಲು. ಎಲ್ಲದರ ಅರ್ಥ ಒಂದೇ. ಇರಬೇಕಾದ ಕಡೆ ಗಾಡಿ ಇಲ್ಲ! ಮೋಟರ್ ಎರರ್ ಅಂದ ಮಾತ್ರಕ್ಕೆ ಮೋಟರೇ ಸುಟ್ಟಿದೆ ಅಂತ ಮೆಷಿನ್ ಹೇಳುತ್ತಿಲ್ಲ. ಅಷ್ಟು ಇಂಗ್ಲಿಷು ನೋಡಿದ ತಕ್ಷಣ ಮೋಟರಿಗೆ ಆರ್ಡರ್ ಕೊಡುವ ಮಾಲೀಕರನ್ನು ಕಂಡಿದ್ದೇನೆ.

ಗಾಡಿ ಜಾಗದಲ್ಲಿ ಇಲ್ಲದಿರಲು ಮೂರೇ ದಾರಿ. ಅದನ್ನು ಏನೋ ತಡೆಯುತ್ತಿದೆ. ಇಲ್ಲವೇ ಎಳೆಯುವವನಿಗೆ ಶಕ್ತಿ ಇಲ್ಲ. ಇಲ್ಲವೇ ಗಾಡಿ ಸರಿಯಾಗೇ ಹೋಗುತ್ತಿದೆ, ನೋಡುವ ಕಣ್ಣಿಗೆ ಮಂಜು ಕವಿದಿದೆ. ಇದಿಷ್ಟು ತಲೆಯಲ್ಲಿ ಇಟ್ಟುಕೊಂಡರೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಆಫ್ ಮಾಡಿ ಆನ್ ಮಾಡುವ ರೋಗ ನಿಮಗೂ ಇದೆ ಹುಡುಗರೇ, ಸುಳ್ಳು ಹೇಳಬೇಡಿ. ಎರರ್ ಬಂದ ಕೂಡಲೇ ಹತ್ತು ಸಲ ಸ್ವಿಚ್ ಒತ್ತುತ್ತೀರಿ. ಪ್ರತಿ ಸಲವೂ ಗಾಡಿ ಆ ಎತ್ತಿದ ವಿನೈಲಿಗೇ ಹೋಗಿ ಉಜ್ಜುತ್ತದೆ. ಒಂದು ಸಲ ನಿಂತರೆ ಕೈ ಹಿಂದೆ ತೆಗೆಯಿರಿ. ಪವರ್ ಆಫ್ ಮಾಡಿ, ಮುಂದಿನ ಬಟನ್ ಒಂದೇ ಸಾಲದು, ಮುಖ್ಯ ಸ್ವಿಚ್ಚು ಆರಿಸಿ ಪ್ಲಗ್ ಕೀಳಿ. ಮೀಡಿಯಾ ಹೊರಗೆ ತೆಗೆಯಿರಿ. ಆಮೇಲೆ ಮುಚ್ಚಳ ಎತ್ತಿ, ಗಾಡಿಯನ್ನು ಕೈಯಿಂದ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಳ್ಳಿ. ಗಾಡಿ ಬಲಗಡೆ ಕ್ಯಾಪ್ ಮೇಲೆ ಕೂತು ಲಾಕ್ ಆಗಿದ್ದರೆ ಬಲ ಹಾಕಿ ಎಳೆಯಬೇಡಿ, ಲಾಕ್ ಮುರಿಯುತ್ತದೆ. ನಡುವೆ ನಿಂತಿದ್ದರೆ ಸಾಮಾನ್ಯವಾಗಿ ಸಲೀಸಾಗಿ ಸರಿಯುತ್ತದೆ.

ಇಲ್ಲಿ ಕೈಯೇ ಮೀಟರು. ಉದ್ದಕ್ಕೂ ಒಂದೇ ಬಿಗಿ ಇದ್ದರೆ ಹಳಿ, ಬೆಲ್ಟು ಬಹುಮಟ್ಟಿಗೆ ಸರಿ ಇವೆ ಅಂತ ತಿಳಿಯಿರಿ. ಒಂದು ಕಡೆ ಮಾತ್ರ ತಡೆದರೆ ಅಲ್ಲಿ ಬಗ್ಗಿ ನೋಡಿ. ಒಣಗಿದ ಇಂಕು ಗಟ್ಟಿಯಾಗಿ ಅಂಟಿರುತ್ತದೆ, ಕತ್ತರಿಸಿದ ವಿನೈಲಿನ ಎಳೆ ಹಳಿಗೆ ಸುತ್ತಿಕೊಂಡಿರುತ್ತದೆ, ಅಂಚು ಹಿಡಿಯುವ ಮೀಡಿಯಾ ಕ್ಲ್ಯಾಂಪು ಎದ್ದಿರುತ್ತದೆ. ಉದ್ದಕ್ಕೂ ಬಿಗಿ ಇದ್ದರೆ ಹಳಿ ಒಣಗಿದೆ, ಇಲ್ಲವೇ ಧೂಳು ಕೂಡಿ ಕೆಸರಾಗಿದೆ. ತಳ್ಳುವಾಗ ಟಕ್ ಟಕ್ ಅಂದರೆ ಬೆಲ್ಟಿನ ಹಲ್ಲು ಹೋಗಿದೆ, ಇಲ್ಲವೇ ತುದಿಯ ಪುಲ್ಲಿಯ ಬೇರಿಂಗು. ಬೆಲ್ಟಿನ ಕೆಳಗೆ, ಮೋಟರಿನ ಹತ್ತಿರ ಕಪ್ಪು ರಬ್ಬರಿನ ಪುಡಿ ಬಿದ್ದಿದ್ದರೆ ಬೆಲ್ಟು ಸವೆಯುತ್ತಿದೆ ಅಂತ ಅರ್ಥ. ಇದನ್ನು ನೋಡಲು ಯಾವ ಡಿಗ್ರಿ ಬೇಕು, ಹೇಳಿ?

ಹಳಿ ಬಿಗಿ ಅಂದ ಕೂಡಲೇ ಸಿಕ್ಕ ಎಣ್ಣೆ ಸುರಿಯಬೇಡಿ. ಹೊಲಿಗೆ ಮೆಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಒಂದು ಕಡೆಯಂತೂ ಕೊಬ್ಬರಿ ಎಣ್ಣೆ ಬಳಿದಿದ್ದನ್ನೂ ನೋಡಿದ್ದೇನೆ ಮಹರಾಯ್ರೇ. ಮೆಷಿನ್ನಿಗೇನು ಜಡೆ ಹಾಕಬೇಕಿತ್ತೋ! ಕೆಲವು ಹಳಿಗೆ ಗ್ರೀಸು ಬೇಕು, ಕೆಲವಕ್ಕೆ ತೆಳು ಎಣ್ಣೆ, ಕೆಲವು ಒಣಗಿಯೇ ಓಡಬೇಕಾದವು. ಯಾವುದು ಅಂತ ಆ ಮಾಡೆಲ್ಲಿನ ಪುಸ್ತಕದಲ್ಲಿ ಬರೆದಿರುತ್ತದೆ. ತಪ್ಪು ಎಣ್ಣೆ ಧೂಳನ್ನು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅದು ಎಗರಿ ಪಟ್ಟಿಯ ಮೇಲೆ ಕೂರುತ್ತದೆ.

ಪಟ್ಟಿಯ ಮೇಲೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪ್ರೆಸ್ಸಿನ ಒಂದು ಸಂಗತಿ ಹೇಳುತ್ತೇನೆ. ಒಂದು ಹಬ್ಬದ ಮುಂಚಿನ ವಾರ, ಕೆಲಸ ತಲೆ ಮೇಲೆ ಕೂತಿತ್ತು. ಮೆಷಿನ್ ಹತ್ತು ಮೀಟರ್ ಹೊಡೆಯುತ್ತದೆ, ನಿಲ್ಲುತ್ತದೆ. ಫೋನಿನಲ್ಲೇ ಸರ್ವಿಸ್‌ನವರು ತೀರ್ಪು ಕೊಟ್ಟರು. ‘ಸಾರ್, ಕ್ಯಾರೇಜ್ ಬೋರ್ಡ್ ಹೋಗಿದೆ, ಮೋಟರೂ ಹಾಕ್ಬೇಕಾಗುತ್ತೆ, ಅಡ್ವಾನ್ಸ್ ಹಾಕಿ.’ ಅವರು ಹೇಳಿದ ಮೊತ್ತ ನಮ್ಮ ಹುಡುಗನ ನಾಲ್ಕು ತಿಂಗಳ ಸಂಬಳ. ಮಧುಗಿರಿ ಕಡೆಯ ಹುಡುಗ ಅವನು, ಹೆಚ್ಚು ಮಾತಾಡುವವನಲ್ಲ. ‘ಅಣ್ಣ, ಅದು ಯಾವಾಗ್ಲೂ ಇಲ್ಲೇ ನಿಲ್ತದೆ ನೋಡಿ’ ಅಂದ. ಮುಚ್ಚಳದ ಮೇಲಿನ ಎಚ್ಚರಿಕೆ ಸ್ಟಿಕ್ಕರಿನ ನೇರಕ್ಕೆ ಬೆರಳಿಟ್ಟ. ಅವನು ಅಲ್ಲಿ ಪೆನ್ಸಿಲ್ಲಿನಲ್ಲಿ ಐದು ಗೀಟು ಹಾಕಿಟ್ಟಿದ್ದ. ಐದು ಸಲ ನಿಂತದ್ದು, ಐದೂ ಒಂದೇ ಅಂಗುಲದೊಳಗೆ. ಟಾರ್ಚ್ ಬಿಟ್ಟು ನೋಡಿದರೆ ಪಟ್ಟಿಯ ಮೇಲೆ ರಾಗಿ ಕಾಳಿನಷ್ಟು ಗ್ರೀಸು. ಹಿಂದಿನ ಸರ್ವಿಸ್‌ನಲ್ಲಿ ಹಳಿಗೆ ಬಳಿದದ್ದು ಅಲ್ಲಿಗೆ ಎಗರಿತ್ತು. ಒರೆಸಿದ. ಮೆಷಿನ್ ಬೆಳಗಿನವರೆಗೆ ಓಡಿತು. ದಾರಿಯಲ್ಲಿದ್ದ ಸರ್ವಿಸ್‌ನವರು ಬಂದು ವಿಸಿಟಿಂಗ್ ಚಾರ್ಜ್ ಮಾತ್ರ ಬಿಡದೆ ಇಸಕೊಂಡು ಹೋದರು. ಕಾಫಿಯನ್ನೂ ಕುಡಿದರು.

ಆ ಐದು ಗೀಟಿಗೆ ಬೆಲೆ ಕಟ್ಟಿ ನೋಡೋಣ! ಅವನು ಮಾಡಿದ್ದು ಅಪ್ಪಟ ವಿಜ್ಞಾನ. ಗಾಡಿ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ದೋಷ ಆ ಜಾಗದಲ್ಲಿದೆ. ಪಟ್ಟಿಯ ಮೇಲೆ ಕಲೆ, ಗೀರು, ಇಲ್ಲವೇ ಹಳಿಯ ಮೇಲೆ ಕಸ, ಇಲ್ಲವೇ ಅಲ್ಲಿ ವಿನೈಲ್ ಉಬ್ಬಿದೆ. ಬೇರೆ ಬೇರೆ ಜಾಗದಲ್ಲಿ ನಿಂತರೆ ದೋಷ ಗಾಡಿಯ ಜೊತೆಗೇ ಓಡಾಡುತ್ತಿದೆ. ಸೆನ್ಸರಿನ ಸೀಳಿನೊಳಗೆ ಧೂಳು, ಅಥವಾ ಗಾಡಿಯ ಹಿಂದೆ ಮಡಿಚಿ ಮಡಿಚಿ ಬಳಲಿದ ಪಟ್ಟಿ ಕೇಬಲ್ಲು. ಒಂದು ಗಂಟೆ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತರೆ ಮೋಟರಿನ ಕಾರ್ಬನ್ ಬ್ರಷ್ಷು, ಅದಕ್ಕೆ ಕರೆಂಟ್ ಕೊಡುವ ಡ್ರೈವರು, ನಿಂತುಹೋದ ಫ್ಯಾನು, ಇವುಗಳ ಕಡೆ ನೋಡಬೇಕು. ಆನ್ ಮಾಡಿದ ಕೂಡಲೇ ಗಾಡಿ ಹುಚ್ಚು ಹಿಡಿದ ಹಾಗೆ ಓಡಿ ಗೋಡೆಗೆ ಗುದ್ದಿದರೆ ಅದಕ್ಕೆ ಕಣ್ಣೇ ಕಾಣುತ್ತಿಲ್ಲ. ಪಟ್ಟಿ ಸೀಳಿನಿಂದ ಹೊರಗೆ ಬಂದಿದೆಯಾ, ತುದಿಯ ಸ್ಪ್ರಿಂಗು ಕಳಚಿದೆಯಾ, ನೋಡಿ. ಒಮ್ಮೊಮ್ಮೆ ಒರೆಸಲು ಹೋದವರೇ ಪಟ್ಟಿಯನ್ನು ಜಗ್ಗಿ ಕಳಚಿರುತ್ತಾರೆ.

ಒರೆಸುವುದಕ್ಕೂ ಒಂದು ಕ್ರಮ ಇದೆ. ನಾರು ಬಿಡದ ಬಟ್ಟೆ, ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ್ದು. ಎರಡು ಬೆರಳ ನಡುವೆ ಪಟ್ಟಿಯನ್ನು ಮೆತ್ತಗೆ ಹಿಡಿದು ಒಂದೇ ದಿಕ್ಕಿಗೆ ಸವರಿ. ಜಿಡ್ಡು ಹೋಗದಿದ್ದರೆ ಐಪಿಎ ಅಂತ ಸಿಗುವ ಆಲ್ಕೋಹಾಲ್ ಬಟ್ಟೆಗೆ ಒಂದೆರಡು ಹನಿ. ಥಿನ್ನರ್ ಹಾಕಿದಿರೋ, ಗೆರೆಗಳೇ ಅಳಿಸಿಹೋಗುತ್ತವೆ. ಹೆಡ್ ತೊಳೆಯುವ ಸಾಲ್ವೆಂಟೂ ಬೇಡ. ಒಣಗಿದ ಬನಿಯನ್ ತುಂಡಿನಿಂದ ಕಸ ಹೊಡೆಯುವ ಹಾಗೆ ಉಜ್ಜಿದರೆ ಗೀರು ಬೀಳುತ್ತದೆ. ಗೀರು ಬಿದ್ದ ಪಟ್ಟಿಗೆ ಔಷಧಿ ಇಲ್ಲ, ಹೊಸದೇ ಹಾಕಬೇಕು. ಹೊಸದು ತರುವಾಗ ಹಳೆಯದರ ಅಗಲ, ಇಂಚಿಗೆ ಎಷ್ಟು ಗೆರೆ ಅನ್ನುವುದು ಸರಿಹೊಂದಬೇಕು. 180ರ ಜಾಗಕ್ಕೆ 150ರದ್ದು ಹಾಕಿದರೆ ಲೆಕ್ಕವೇ ಅಡಿಮೇಲು.

ಎರಡು ಎಚ್ಚರಿಕೆ. ಗಾಡಿಯ ಪಟ್ಟಿ ಕೇಬಲ್ಲಿನ ಮೇಲೆ, ಹೆಡ್ಡಿನ ಕನೆಕ್ಟರಿನ ಹತ್ತಿರ ಇಂಕು ಸೋರಿದ್ದು ಕಂಡರೆ ಯಾವ ಕಾರಣಕ್ಕೂ ಪವರ್ ಆನ್ ಮಾಡಬೇಡಿ. ಆ ಒಂದು ತೊಟ್ಟು ಶಾರ್ಟ್ ಆಗಿ ಹೆಡ್ಡೂ ಬೋರ್ಡೂ ಒಟ್ಟಿಗೆ ಹೋಗುತ್ತವೆ. ಆಗ ಸರ್ವಿಸ್‌ನವರನ್ನೇ ಕರೆಸಿ, ಖರ್ಚು ನೋಡಬೇಡಿ. ಇನ್ನೊಂದು, ಗಾಡಿ ನಡುವೆ ನಿಂತಾಗ ಹೆಡ್ಡು ಬಾಯಿ ತೆರೆದುಕೊಂಡೇ ಇರುತ್ತದೆ. ನೀವು ವಾದ ಮಾಡುತ್ತಾ, ಫೋನ್ ಮಾಡುತ್ತಾ, ಟೀ ಕುಡಿಯುತ್ತಾ ಕೂತರೆ ಇಂಕು ಒಣಗಿ ರಂಧ್ರ ಕಟ್ಟಿಕೊಳ್ಳುತ್ತದೆ. ತಪಾಸಣೆ ಮುಗಿದ ಕೂಡಲೇ ಗಾಡಿಯನ್ನು ಮೆಲ್ಲಗೆ ಬಲಕ್ಕೆ ತಳ್ಳಿ ಕ್ಯಾಪ್ ಮೇಲೆ ಕೂರಿಸಿ. ಕ್ಯಾರೇಜ್ ಎರರಿನಿಂದ ಹೆಡ್ಡು ಸಾಯುವುದಿಲ್ಲ. ಎರರ್ ಬಂದ ಮೇಲಿನ ನಮ್ಮ ಗಲಾಟೆಯಲ್ಲಿ ಸಾಯುತ್ತದೆ.

ಮಾಲೀಕರಿಗೆ ಇಲ್ಲೊಂದು ಮಾತು. ನಿಮ್ಮ ಹುಡುಗ ತಪ್ಪು ಮಾಡಿದ ಅಂತೀರಲ್ಲ, ಮೆಷಿನ್ ಇಟ್ಟ ಕೋಣೆ ನೋಡಿದ್ದೀರಾ? ರಸ್ತೆಗೆ ಬಾಯಿ ಬಿಟ್ಟ ಶಟರು, ಎದುರಿಗೆ ಅಗೆದುಬಿಟ್ಟ ರಸ್ತೆ, ಒಳಗೆ ಸದಾ ಧೂಳು. ಈ ಜಾತಿಯ ಮೆಷಿನ್ನಿಗೆ ಸಾಮಾನ್ಯವಾಗಿ ಕೇಳುವುದು 20 ಡಿಗ್ರಿಗೆ ಕಡಿಮೆ ಇಲ್ಲದ, 32 ಡಿಗ್ರಿ ದಾಟದ ಕೋಣೆ. ಬೇಸಿಗೆಯಲ್ಲಿ ಕಲಬುರಗಿ, ಬಳ್ಳಾರಿಯಲ್ಲಿ ಎಸಿ ಇಲ್ಲದ ತಗಡಿನ ಶೆಡ್ಡಿನಲ್ಲಿ ಇಟ್ಟರೆ ಅದು ಹೇಗೆ ಬಾಳೀತು? ಗಾಳಿ ಒಣಗಿದಾಗ ವಿನೈಲಿಗೆ ಸ್ಥಿರ ವಿದ್ಯುತ್ ಹಿಡಿದು ಧೂಳೆಲ್ಲ ಅಂಟುತ್ತದೆ. ಹೀಟರ್ ಹೆಚ್ಚಾದರೆ ವಿನೈಲ್ ಸುಕ್ಕಾಗಿ ಏಳುತ್ತದೆ, ಗಾಡಿ ಹೋಗಿ ಬಡಿಯುತ್ತದೆ. ಅರ್ಥಿಂಗ್ ನೋಡಿಸಿದ್ದೀರಾ? ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೂರು ವೋಲ್ಟ್ ದಾಟಿದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಬೇಕು. ಜನರೇಟರ್ ಬದಲಾಗುವ ಹೊತ್ತಿಗೆ ಸರಿಯಾಗಿ ಎರರ್ ಬರುತ್ತದೆ ಅಂತ ಹುಡುಗ ಹೇಳಿದ್ದರೂ ನಿಮಗೆ ಯುಪಿಎಸ್ ತರಲು ಕೈ ಬಂದಿಲ್ಲ. ಅಗ್ಗದ ವಿನೈಲ್ ತಂದವರು ಯಾರು? ನೀವೇ ತಾನೆ!

ಈಗ ಕಟಿಂಗಿಗೆ ಬರೋಣ. ಪ್ರಿಂಟು ಮಾಡುವಾಗ ಸರಿ, ಕಟ್ ಮಾಡುವಾಗ ಮಾತ್ರ ಎರರ್ ಅನ್ನುವ ದೂರು ತುಂಬ ಕೇಳುತ್ತೇನೆ. ಹಲವು ಪ್ರಿಂಟ್-ಕಟ್ ಮೆಷಿನ್‌ಗಳಲ್ಲಿ ಗಾಡಿಗಳು ಎರಡು. ಹೆಡ್ ಹೊತ್ತದ್ದು ಒಂದು, ಬ್ಲೇಡ್ ಹೊತ್ತದ್ದು ಇನ್ನೊಂದು. ಕಟ್ ಮಾಡುವಾಗ ಹೆಡ್ಡಿನ ಗಾಡಿ ಮೂಲೆಯಲ್ಲಿ ಕ್ಯಾಪ್ ಮೇಲೆ ಉಳಿಯುತ್ತದೆ, ಬ್ಲೇಡಿನ ಗಾಡಿ ಒಂಟಿಯಾಗಿ ಓಡುತ್ತದೆ. ಪ್ರಿಂಟಿಗೆ ಬರುವಾಗ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಆ ಕೊಂಡಿಯ ಬಳಿ ವಿನೈಲ್ ಚೂರೋ ಗಟ್ಟಿ ಇಂಕೋ ಸೇರಿದರೆ ಕೂಡುವುದೂ ಕಷ್ಟ, ಬಿಡುವುದೂ ಕಷ್ಟ, ನಮ್ಮ ಕೆಲವು ಸಂಸಾರಗಳ ಹಾಗೆ.

ಬ್ಲೇಡ್ ಆಳವೂ ದೊಡ್ಡ ಕಾರಣ. ಸಾಮಾನ್ಯ ವಿನೈಲಿಗೆ 50ರಿಂದ 100 ಗ್ರಾಂ ಒತ್ತಡ ಸಾಕಾಗುತ್ತದೆ. ಕತ್ತರಿಸಿದ ಮೇಲೆ ಸ್ಟಿಕ್ಕರ್ ಸುಲಿದು ನೋಡಿ, ಹಿಂಬದಿಯ ಕಾಗದದ ಮೇಲೆ ಗೀರಿನ ನೆರಳು ಮಾತ್ರ ಕಾಣಬೇಕು. ಕಾಗದವೂ ತುಂಡಾದರೆ ತುಣುಕುಗಳು ಎದ್ದು ನಿಂತು ಗಾಡಿಗೆ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ಆತುರ ಇದೆ. ಸಾಲ್ವೆಂಟ್ ಇಂಕಿನಲ್ಲಿ ಹೊಡೆದ ಕೂಡಲೇ ಹಸಿ ಹಸಿಯಾಗಿ ಕಟ್ಟಿಗೆ ಹಾಕುವುದು. ವಿನೈಲ್ ಇನ್ನೂ ಮೆತ್ತಗಿರುತ್ತದೆ, ಅಂಚು ಸುರುಳಿ ಏಳುತ್ತದೆ. ಗಿರಾಕಿ ಹೊರಗೆ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿರುತ್ತಾನೆ, ಗೊತ್ತು. ಆದರೂ ಒಣಗಲಿ ಬಿಡಿ.

ಬೆಲ್ಟಿನ ಆರೋಗ್ಯ ನೋಡಲು ನನ್ನದೊಂದು ಪರೀಕ್ಷೆ ಇದೆ. ಕಂಪನಿಯ ಪುಸ್ತಕದಲ್ಲಿ ಚೌಕ, ವೃತ್ತ ಕಟ್ ಮಾಡಿ ನೋಡಿ ಅಂತ ಇರುತ್ತದೆ. ನಾನು ಎರಡು ಸೆಂಟಿಮೀಟರ್ ಎತ್ತರದ ಒಂದು ‘ಠ’ ಹಾಕಿಸುತ್ತೇನೆ. ಹೊರಗೊಂದು ಸುತ್ತು, ಒಳಗೊಂದು ಸೊನ್ನೆ, ನಮ್ಮ ಅಕ್ಷರದಲ್ಲೇ ಪರೀಕ್ಷೆ ಕೂತಿದೆ! ಸುತ್ತು ಶುರುವಾದ ಕಡೆಗೇ ಬಂದು ಮುಚ್ಚಿಕೊಂಡರೆ ಸರಿ. ಮುಚ್ಚದೆ ಕೂದಲೆಳೆ ಬಿಟ್ಟಿದ್ದರೆ ಯಾವ ದಿಕ್ಕಿಗೆ ಬಿಟ್ಟಿದೆ ನೋಡಿ. ಎಡ-ಬಲಕ್ಕೆ ತಪ್ಪಿದ್ದರೆ ಕ್ಯಾರೇಜ್ ಬೆಲ್ಟು ಸಡಿಲ, ಇಲ್ಲವೇ ಬ್ಲೇಡ್ ಹೋಲ್ಡರ್ ಅಲ್ಲಾಡುತ್ತಿದೆ. ಹಿಂದೆ-ಮುಂದೆ ತಪ್ಪಿದ್ದರೆ ಕ್ಯಾರೇಜಿನ ತಪ್ಪಲ್ಲ, ಮೀಡಿಯಾ ಜಾರುತ್ತಿದೆ, ಪಿಂಚ್ ರೋಲರ್ ನೋಡಿ. ಎಲ್ಲ ಕಡೆಯೂ ಒಂದೇ ಥರ ತಪ್ಪಿದ್ದರೆ ಬ್ಲೇಡ್ ಆಫ್‌ಸೆಟ್ಟಿನ ಅಂಕಿ ಸರಿಯಿಲ್ಲ, ಸಾಮಾನ್ಯ ಬ್ಲೇಡಿಗೆ ಅದು 0.25 ಮಿಲಿಮೀಟರ್. ಇಂಗ್ಲಿಷಿನ ‘ಎಲ್’, ‘ಟಿ’, ‘ಇ’ ಕಟ್ ಮಾಡುವವನಿಗೆ ಸಡಿಲ ಬೆಲ್ಟು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಎಲ್ಲ ನೇರ ಗೆರೆ. ಕನ್ನಡಕ್ಕೆ ಹಾಗಲ್ಲ. ತಲೆಕಟ್ಟು, ಸೊನ್ನೆ, ಒತ್ತಕ್ಷರ, ಎಲ್ಲದರಲ್ಲೂ ಗಾಡಿ ಕ್ಷಣಕ್ಕೊಮ್ಮೆ ದಿಕ್ಕು ತಿರುಗಬೇಕು. ಕನ್ನಡ ಚೆನ್ನಾಗಿ ಕಟ್ ಆಗುವ ಮೆಷಿನ್ನು ಎಲ್ಲವನ್ನೂ ಚೆನ್ನಾಗಿ ಕಟ್ ಮಾಡುತ್ತದೆ.

ಇದನ್ನೆಲ್ಲ ಈ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬಹುದು. 2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ ಕಾನೂನಾಯಿತು. ಬೆಂಗಳೂರಿನಲ್ಲಿ ಆಗಿದ್ದ ಬಿಬಿಎಂಪಿ ಫೆಬ್ರವರಿ 28ರ ಗಡುವು ಕೊಟ್ಟಿತು. ಹೊರಗೆ ನೀವು ಘೋಷಣೆ ಕೂಗಿದಿರಿ, ಸರಿ. ಒಳಗೆ ಆ ಬೋರ್ಡುಗಳನ್ನು ಹೊಡೆದವರು ಯಾರು? ನಿದ್ದೆಗೆಟ್ಟು ಮೆಷಿನ್ ಮುಂದೆ ನಿಂತ ಇದೇ ಹುಡುಗರು. ಆ ವಾರಗಳಲ್ಲಿ ಎಷ್ಟು ಅಂಗಡಿಗಳಲ್ಲಿ ಕ್ಯಾರೇಜ್ ನಿಂತು, ಎಷ್ಟು ಹುಡುಗರು ಬೈಸಿಕೊಂಡರೋ. ನಮ್ಮ ಸಾಲಿನಲ್ಲೇ ಒಂದು ಅಂಗಡಿಯಲ್ಲಿ ಹೆಡ್ಡು ಹೋಯಿತು ಅಂತ ಹುಡುಗನ ಎರಡು ತಿಂಗಳ ಸಂಬಳ ಹಿಡಿದರು. ಅವನು ಊರಿಗೆ ಹೋದ, ಮತ್ತೆ ಬರಲಿಲ್ಲ. ಅವನ ಕೈಯಲ್ಲಿದ್ದ ಕೆಲಸವೂ ಅವನ ಜೊತೆಗೇ ಹೋಯಿತು.

‘ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಮೆಷಿನ್ನೇ ಬಿಚ್ಚಿಹಾಕುತ್ತಾನೆ’ ಅನ್ನುವ ಮಾಲೀಕರು ಇದ್ದಾರೆ. ಅವರ ಭಯದಲ್ಲಿ ಹುರುಳಿಲ್ಲ ಅಂತ ನಾನು ಅನ್ನುವುದಿಲ್ಲ. ವಾರಂಟಿ ಇರುವ ಮೆಷಿನ್ನಿನ ಸೀಲ್ ಒಡೆಯಬಾರದು, ಪವರ್ ಸಪ್ಲೈ ಡಬ್ಬ ತೆರೆಯಬಾರದು, ಸರ್ವಿಸ್ ಮೋಡಿನೊಳಗೆ ಹೊಕ್ಕು ಅಂಕಿ ಬದಲಿಸಬಾರದು. ಆದರೆ ನಾನು ಮೇಲೆ ಹೇಳಿದ್ದರಲ್ಲಿ ಸ್ಕ್ರೂಡ್ರೈವರ್ ಎಲ್ಲಿ ಬಂತು? ಪ್ಲಗ್ ಕೀಳುವುದು, ತಳ್ಳುವುದು, ನೋಡುವುದು, ಒರೆಸುವುದು. ಒಳ್ಳೆಯ ಸರ್ವಿಸ್ ಇಂಜಿನಿಯರುಗಳೂ ಇದ್ದಾರೆ, ಅವರಿಂದ ನಾನೂ ಕಲಿತಿದ್ದೇನೆ. ಅಂಥವರಿಗೆ ಫೋನ್ ಮಾಡಿ ‘ಮೆಷಿನ್ ನಿಂತಿದೆ ಬನ್ನಿ’ ಅಂದರೆ ಅವರಿಗೂ ಕಷ್ಟ. ‘ಎಡತುದಿಯಿಂದ ಎರಡಡಿಯಲ್ಲಿ ನಿಲ್ಲುತ್ತದೆ, ಕೈಯಲ್ಲಿ ತಳ್ಳಿದರೆ ಸಲೀಸು, ಪಟ್ಟಿ ಒರೆಸಿ ಆಯಿತು, ಬಿಸಿಯಾದ ಮೇಲೆ ಮಾತ್ರ ಬರುತ್ತದೆ’ ಅಂತ ಹೇಳಿ ನೋಡಿ, ಸರಿಯಾದ ಪಾರ್ಟು ಹಿಡಿದುಕೊಂಡೇ ಬರುತ್ತಾರೆ. ಬಂದಾಗ ಹುಡುಗ ಪಕ್ಕದಲ್ಲಿ ನಿಂತು ನೋಡಲಿ, ಕೇಳಲಿ. ಅವನನ್ನು ಟೀ ತರಲು ಕಳಿಸುವ ಮಾಲೀಕನ ಬುದ್ಧಿಗೆ ಏನನ್ನಬೇಕೋ!

ಸಂಬಳ ಹಿಡಿಯುವ ಮುಂಚೆ ಬೆಲ್ಟು ಸವೆದದ್ದು ಯಾವಾಗ, ಪಟ್ಟಿ ಕೊನೆಯ ಸಲ ಒರೆಸಿದ್ದು ಯಾವಾಗ ಅಂತ ಮಾಲೀಕ ದಾಖಲೆ ತೋರಿಸಲಿ. ದಾಖಲೆ ಇಲ್ಲವೋ, ಹಿಡಿದ ದುಡ್ಡು ವಾಪಸ್ ಕೊಡಲಿ. ಈ ದಾಖಲೆಗೆ ಕಂಪ್ಯೂಟರ್ ಬೇಡ. ಇನ್ನೂರು ಪುಟದ ಒಂದು ರೂಲ್ ಪುಸ್ತಕ ಸಾಕು. ಮೆಷಿನ್ನಿನ ಪರದೆ ಕನ್ನಡ ಮಾತಾಡುವುದಿಲ್ಲ, ಅದರ ಜೊತೆ ಬಂದ ಪುಸ್ತಕವೂ ಕನ್ನಡದಲ್ಲಿಲ್ಲ. ಹಾಗಾದರೆ ಈ ಪುಸ್ತಕ ನೀವೇ ಬರೆಯಿರಿ. ತಾರೀಖು, ಹೊತ್ತು, ಪರದೆ ಮೇಲೆ ಬಂದ ಅಂಕಿ, ಗಾಡಿ ನಿಂತ ಜಾಗ, ಯಾವ ಮೀಡಿಯಾ, ಕೋಣೆ ಎಷ್ಟು ಬಿಸಿ, ಏನು ಮಾಡಿದ ಮೇಲೆ ಸರಿಹೋಯಿತು, ಯಾರು ಮಾಡಿದರು. ‘ಗಾಡಿ ಬಲಗಡೆ ಕಿರ್ರ್ ಅಂತು, ಪುಲ್ಲಿ ಹತ್ರ ವಿನೈಲ್ ದಾರ ಸಿಕ್ತು, ತೆಗೆದೆ, ಸರಿಯಾಯ್ತು’ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ, ವ್ಯಾಕರಣ ನೋಡುವವರು ಯಾರೂ ಇಲ್ಲ. ಹೊಸದಾಗಿ ಸೇರುವ ಹುಡುಗನಿಗೆ ಮೊದಲ ದಿನವೇ ಅದನ್ನು ಓದಲು ಕೊಡಿ. ನಮ್ಮಲ್ಲಿ ಈಗ ಮೂರನೆಯ ಪುಸ್ತಕ ನಡೆಯುತ್ತಿದೆ. ಮೆಷಿನ್ನಿನ ಎಡಗಾಲಿಗೆ ದಾರ ಕಟ್ಟಿ ನೇತುಹಾಕಿದ್ದೇವೆ. ಪೆನ್ನಿಗೂ ಬೇರೆ ದಾರ ಕಟ್ಟಿ, ಇಲ್ಲದಿದ್ದರೆ ಕೌಂಟರಿನವರು ಎತ್ತಿಕೊಂಡು ಹೋಗುತ್ತಾರೆ.